ಇಳಿಹೊತ್ತಿಗೆ ಬಾಗುವ ಬಳ್ಳಿ

ನನ್ನ ಅಮ್ಮನ ಅಪ್ಪ ಸೊಣ್ಣಪ್ಪ ತಾತನಿಗೆ ಮೂವತ್ತೈದು ತುಂಬುವ ಮೊದಲೇ ಎರಡು ಕಿವಿಯೂ ಹೋಗಿದ್ದವು. ಅವನ ಊರು ಬಂಗಾರಪೇಟೆಯ ಹತ್ತಿರದ ಒಂದು ಹಳ್ಳಿ. ಆಗ ಪೇಟೆಗೆ ಬೌರಿಂಗ್‌ಪೇಟೆ ಅನ್ನುತ್ತಿದ್ದರು. ಹದಿನೆಂಟನೇ ವಯಸ್ಸಿಗೆ ತಾತ ಅಲ್ಲಿಂದ ರೈಲು ಹತ್ತಿ ಚಿನ್ನದ ಗಣಿಗೆ ಹೋದ. ಹದಿನಾರು ವರ್ಷ ನೆಲದ ಕೆಳಗೆ ಬಂಡೆಗೆ ತೂತು ಕೊರೆಯುವ ಮೆಷಿನ್ ಹಿಡಿದ. ಆ ಸದ್ದಿಗೆ ಮೊದಲು ಹಕ್ಕಿಗಳ ಕೂಗು ಕೇಳಿಸದಾಯಿತು, ಆಮೇಲೆ ಹೆಂಗಸರ ಮಾತು, ಕೊನೆಗೆ ಗಂಡಸರ ಮಾತೂ.

ಮದ್ದಿಗೆ ಬೆಂಕಿ ಕೊಡುವ ಮುಂಚೆ ಕೆಳಗೆ ಸಿಳ್ಳೆ ಹಾಕುತ್ತಿದ್ದರು. ಸಿಳ್ಳೆ ಕೇಳಿದ ಕೂಡಲೇ ಎಲ್ಲರೂ ದೂರ ಓಡಬೇಕು. ಒಂದು ದಿನ ಎಲ್ಲರೂ ಓಡಿದರು, ತಾತ ಮಾತ್ರ ಕುಕ್ಕರಗಾಲಿನಲ್ಲಿ ಕೂತು ಬುತ್ತಿಯ ಗಂಟು ಬಿಚ್ಚುತ್ತಿದ್ದ. ಜೊತೆಯ ಕೆಲಸಗಾರ ಆಂಜಿನಪ್ಪ ಎಣಿಸಿ ನೋಡಿ, ಒಬ್ಬ ಕಡಿಮೆ ಇದ್ದಾನೆಂದು ವಾಪಸು ಓಡಿ, ತಾತನ ಸೊಂಟ ಹಿಡಿದು ಎಳೆದುಕೊಂಡು ಬಂದ. ಮರುದಿನ ಮೇಸ್ತ್ರಿ ತಾತನ ಮುಖಕ್ಕೆ ಮುಖ ಇಟ್ಟು, ಕೈ ಆಡಿಸಿ, "ನೀನಿನ್ನು ಕೆಳಕ್ಕೆ ಇಳೀಬ್ಯಾಡ ಕಣಯ್ಯಾ" ಎಂದು ತಿಳಿಸಿದ. ಗಣಿಯೂರಿನಲ್ಲೇ ಕೋರಮಂಡಲ್ ಕಡೆಯ ದಿಣ್ಣೆಯ ಮೇಲಿದ್ದ ಒಂದು ಬಂಗಲೆಯ ತೋಟಕ್ಕೆ ನೀರು ಕಟ್ಟುವ ಕೆಲಸ ಕೊಡಿಸಿದ. ಕೂಲಿ ಕಡಿಮೆಯಾಯಿತು. ಆದರೆ ಅಜ್ಜಿ ವೆಂಕಟರತ್ನಮ್ಮ ಆವತ್ತು ಮಾರಮ್ಮನಿಗೆ ತೆಂಗಿನಕಾಯಿ ಒಡೆದು, ಅರ್ಧ ಹೋಳನ್ನು ಆಂಜಿನಪ್ಪನ ಮನೆಗೆ ತಾನೇ ತೆಗೆದುಕೊಂಡು ಹೋಗಿ ಕೊಟ್ಟುಬಂದಳು. ಇದು ಸಾವಿರದ ಒಂಬೈನೂರ ಇಪ್ಪತ್ತೊಂದರ ಮಾತು.

ಆ ಬಂಗಲೆಯಲ್ಲಿ ಒಬ್ಬ ಎಂಜಿನಿಯರ್ ದೊರೆಯೂ ಅವನ ಅಕ್ಕನೂ ಇದ್ದರು. ಅಕ್ಕನಿಗೆ ಅರವತ್ತರ ಹತ್ತಿರ ವಯಸ್ಸು. ಮದುವೆ ಆಗಿರಲಿಲ್ಲ. ಆಕೆಗೂ ಕಿವಿ ಮಂದ. ಎಮ್ಮೆಯ ಕೊಂಬಿನಂತೆ ಬಾಗಿದ ಒಂದು ತಗಡಿನ ತುತ್ತೂರಿಯನ್ನು ಕಿವಿಗೆ ಇಟ್ಟುಕೊಂಡು, ಅದರ ಅಗಲ ಬಾಯಿಯನ್ನು ಮಾತಾಡುವವರ ಕಡೆಗೆ ತಿರುಗಿಸುತ್ತಿದ್ದಳು. ಗಣಿಯ ಕೂಲಿಕಾರರ ಮನೆಸಾಲುಗಳಾದ ಲೈನುಗಳಲ್ಲಿ ಎಲ್ಲರೂ ಆಕೆಯನ್ನು ಕೊಂಬಿನ ದೊರೆಸಾನಿ ಎಂದೇ ಕರೆಯುತ್ತಿದ್ದರು.

ಮೊದಲ ದಿನ ದೊರೆಸಾನಿ ತೋಟಕ್ಕೆ ಬಂದು ತಾತನಿಗೆ ಏನೋ ಹೇಳಿದಳು. ತಾತ ತನ್ನ ಕಿವಿ ಮುಟ್ಟಿಕೊಂಡು ಕೈ ಅಲ್ಲಾಡಿಸಿದ. ಆಕೆ ತನ್ನ ಕೊಂಬನ್ನು ಎತ್ತಿ ತೋರಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಆಮೇಲೆ ಅವರ ನಡುವೆ ಮಾತಿನ ಗೋಜೇ ಇರಲಿಲ್ಲ. ಬೆರಳು ತೋರಿಸುವುದು, ಮಣ್ಣಿನ ಮೇಲೆ ಕಡ್ಡಿಯಿಂದ ಗೀರುವುದು, ತಲೆ ಆಡಿಸುವುದು, ಇಷ್ಟರಲ್ಲೇ ಕೋಸು, ಹುರುಳಿಕಾಯಿ, ಗುಲಾಬಿ ಎಲ್ಲವೂ ಬೆಳೆದವು. ಕಿವಿ ಕೇಳುವ ಬೇರೆ ಆಳುಗಳು ದೊರೆಸಾನಿಯ ಹತ್ತಿರ ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಳ್ಳುತ್ತಿದ್ದರಂತೆ.

ಪ್ರತಿವರ್ಷ ಜನವರಿ ಕೊನೆಯಲ್ಲಿ ದೊರೆಗಳ ಕ್ಲಬ್ಬಿನ ಮೈದಾನದಲ್ಲಿ ಹೂವು ತರಕಾರಿಗಳ ಪ್ರದರ್ಶನ ನಡೆಯುತ್ತಿತ್ತು. ಯಾವ ಬಂಗಲೆಯ ಕೋಸು ದೊಡ್ಡದು, ಯಾರ ಕುಂಬಳ ತೂಕ ಎಂದು ಬಹುಮಾನ ಕೊಡುತ್ತಿದ್ದರು. ಕುಂಬಳದ ಬಹುಮಾನ ವರ್ಷ ವರ್ಷವೂ ಹೋಗುತ್ತಿದ್ದದ್ದು ಇನ್ನೊಂದು ಬಂಗಲೆಗೆ. ಅಲ್ಲಿನ ದೊಡ್ಡ ಮಾಲಿ ಕೋದಂಡಪ್ಪ. ಅವನು ತಾತನಿಗಿಂತ ಹತ್ತು ವರ್ಷ ದೊಡ್ಡವನು. ಪೇಟದ ತುದಿಯನ್ನು ಕಿವಿಯ ಮೇಲೆ ಇಳಿಬಿಟ್ಟುಕೊಂಡು, ಪ್ರದರ್ಶನದ ದಿನ ತನ್ನ ಕುಂಬಳದ ಪಕ್ಕದಲ್ಲಿ ಹೆಣ್ಣಿನ ಕಡೆಯ ಸೋದರಮಾವನ ಹಾಗೆ ನಿಲ್ಲುತ್ತಿದ್ದ.

ಇಪ್ಪತ್ತಮೂರರಲ್ಲಿ ದೊರೆಸಾನಿಗೆ ಅವಳ ದೇಶದಿಂದ ಒಂದು ಲಕೋಟೆ ಬಂತು. ಒಳಗೆ ಐದು ಬೀಜ. ಒಂದೊಂದೂ ಹೆಬ್ಬೆರಳಿನ ಉಗುರಿಗಿಂತ ಅಗಲ. ಜೊತೆಯಲ್ಲಿ ಒಂದು ಚಿತ್ರ: ಒಬ್ಬ ಮುದುಕ ಕುಂಬಳಕಾಯಿಯ ಮೇಲೆ ಕುದುರೆ ಸವಾರನ ಹಾಗೆ ಕೂತಿದ್ದಾನೆ. ತಾತ ಆ ಚಿತ್ರವನ್ನು ಎಷ್ಟು ಹೊತ್ತು ನೋಡಿದನೆಂದರೆ, ದೊರೆಸಾನಿ ಅದನ್ನು ಅವನಿಗೇ ಕೊಟ್ಟುಬಿಟ್ಟಳು. ಮನೆಗೆ ಬಂದು ಅಜ್ಜಿಗೆ ತೋರಿಸಿದ. ನಂದಿದುರ್ಗ ಎಂಬ ಗಣಿಯ ಲೈನಿನಲ್ಲಿ ಅವರದು ಬಿದಿರಿನ ತಟ್ಟಿಯ ಮನೆ. ಅಜ್ಜಿ ದೀಪ ಹತ್ತಿರ ಹಿಡಿದು ನೋಡಿ, "ಇದೇನು ಕಾಯೋ, ಬಂಡೇನೋ?" ಅಂದಳು.

ಗೌರಿ ಹಬ್ಬ ಕಳೆದ ಮೇಲೆ ತಾತ ಬೀಜ ಊರಿದ. ಮೂರು ಮೊಳೆತವು. ಒಂದನ್ನು ಇಲಿ ತಿಂದಿತು, ಒಂದನ್ನು ಹುಳ. ಉಳಿದ ಒಂದೇ ಬಳ್ಳಿಗೆ ತಾತ ಸಗಣಿ ಗೊಬ್ಬರ, ಎಲೆಗೊಬ್ಬರ, ಬೂದಿ ಎಲ್ಲ ಸುರಿದ. ದೀಪಾವಳಿಯ ಹೊತ್ತಿಗೆ ಅದು ತಾತನ ಮಣಿಕಟ್ಟಿನಷ್ಟು ದಪ್ಪವಾಗಿ, ದಿನಕ್ಕೆ ಒಂದು ಗೇಣು ಮುಂದಕ್ಕೆ ಹೋಗುತ್ತಿತ್ತು. ಹೀಚು ಕಟ್ಟಿ ತೆಂಗಿನಕಾಯಿಯ ಗಾತ್ರಕ್ಕೆ ಬಂತು. ಅಷ್ಟರಲ್ಲಿ ಬಳ್ಳಿ ತೋಟದ ಕಾಲುದಾರಿಯ ಮೇಲಕ್ಕೆ ಹರಿದಿತ್ತು. ಯಾರಾದರೂ ತುಳಿದಾರು ಎಂದು ತಾತ ಒಂದು ಬೆಳಿಗ್ಗೆ, ನೀರು ಕಟ್ಟಿ ಮುಗಿಸಿದ ಮೇಲೆ, ಅದನ್ನು ಎರಡೂ ಕೈಯಿಂದ ಎತ್ತಿ ಸ್ವಲ್ಪ ಪಕ್ಕಕ್ಕೆ ಸರಿಸಿದ.

ಬಳ್ಳಿ ಮುರಿದ ಸದ್ದು ಅವನಿಗೆ ಕೇಳಲಿಲ್ಲ. ಅಂಗೈಗೆ ಗೊತ್ತಾಯಿತು. ಬೆಂಡೆಕಾಯಿ ಮುರಿದ ಹಾಗೆ ನೆಟ್ಟಗೆ ಎರಡಾಗಿ, ತುಂಡಿನ ಬಾಯಿಂದ ನೀರು ಸುರಿದು ಅವನ ಕೈ ಒದ್ದೆಯಾಯಿತು.

ಅಮ್ಮ ಹೇಳುತ್ತಿದ್ದಳು, ತಾತ ಅವತ್ತು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟನಂತೆ. ಬೇರೆ ಆಳು ಒಬ್ಬ ಬಂದು, ಹಸು ಮೇಯ್ದು ಹೋಯಿತು ಅಂತ ಹೇಳು ಎಂದು ಸನ್ನೆ ಮಾಡಿ ತೋರಿಸಿದನಂತೆ. ತಾತ ಹಾಗೆ ಮಾಡಲಿಲ್ಲ. ಮುರಿದ ತುಂಡನ್ನು ಎರಡು ಅಂಗೈಯಲ್ಲಿ ಹಿಡಿದುಕೊಂಡು ಬಂಗಲೆಯ ಹಿಂದಿನ ಮೆಟ್ಟಿಲ ಹತ್ತಿರ ನಿಂತ. ದೊರೆಸಾನಿ ಹೊರಗೆ ಬಂದಳು. ತಾತ ತನ್ನ ಎದೆಗೆ ಬೆರಳು ಇಟ್ಟು, ಎರಡು ಮುಷ್ಟಿ ಜೋಡಿಸಿ ಮುರಿದಂತೆ ಮಾಡಿದ: ನಾನೇ ಮುರಿದೆ. ಆಕೆ ಒಳಗೆ ಹೋಗಿ ಒಂದು ಕುರ್ಚಿ ತಂದು ಮುರಿದ ಬಳ್ಳಿಯ ಹತ್ತಿರ ಹಾಕಿಕೊಂಡು, ಸಾವಿನ ಮನೆಗೆ ಬಂದವರ ಹಾಗೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಬುಡದ ಹತ್ತಿರ ಹೊರಟಿದ್ದ ಒಂದು ಕವಲನ್ನು ಬೆರಳಿನಿಂದ ತೋರಿಸಿದಳು. ಅದನ್ನು ಉಳಿಸಿಕೊಂಡರೆ ಬೀಜವಾದರೂ ಸಿಗುತ್ತದೆ ಎಂದು ಅದರ ಅರ್ಥ.

ಕವಲಿನಲ್ಲಿ ಕೊಡದ ಗಾತ್ರದ ಒಂದು ಕಾಯಿ ಆಯಿತು. ಪ್ರದರ್ಶನಕ್ಕೆ ಹೋಗುವಂಥದ್ದಲ್ಲ. ಕೋದಂಡಪ್ಪನೇ ಮತ್ತೆ ಗೆದ್ದ. ತಾತ ಆ ಕಾಯಿಯಿಂದ ಬೀಜ ತೆಗೆದು, ತೊಳೆದು, ನೆರಳಲ್ಲಿ ಒಣಗಿಸಿ ಬೂದಿಯಲ್ಲಿ ಕಟ್ಟಿಟ್ಟ.

ಆದರೆ ಬಳ್ಳಿ ಯಾಕೆ ಮುರಿಯಿತು ಎನ್ನುವುದು ಅವನ ತಲೆಯಿಂದ ಹೋಗಲಿಲ್ಲ. ಊರಿನಲ್ಲಿ ಅವನ ತಾಯಿ ಚಪ್ಪರದ ಮೇಲೆ ಕುಂಬಳದ ಬಳ್ಳಿಯನ್ನು ಹೇಗೆ ಬೇಕೋ ಹಾಗೆ ಎಳೆದು ಹಾಕುತ್ತಿದ್ದಳು. ಅದು ಎಂದೂ ಮುರಿದದ್ದಿಲ್ಲ. ಹಾಗಾದರೆ ಇದು ಸೀಮೆಯ ಬಳ್ಳಿಯ ದೋಷವೋ, ತನ್ನ ಕೈಯ ದೋಷವೋ? ಉಳಿದ ಬಳ್ಳಿ ಒಣಗುವವರೆಗೂ ತಾತ ಅದರ ಬೇಡದ ಕವಲುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದ. ಬೆಳಿಗ್ಗೆ ಬಗ್ಗಿಸಿದರೆ ಮುರಿಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಕೆಲವು ಮುರಿದವು, ಕೆಲವು ಬಾಗಿದವು. ಇಳಿಹೊತ್ತಿಗೆ, ಮೂರು ಗಂಟೆಯ ಸುಮಾರಿಗೆ, ಬಿಸಿಲು ಬಿದ್ದೂ ಬಿದ್ದೂ ಎಲೆಗಳು ಮುಚ್ಚಲು ಹೊರಟ ಛತ್ರಿಯ ಹಾಗೆ ಜೋಲುವಾಗ ಬಗ್ಗಿಸಿದರೆ ಒಂದೂ ಮುರಿಯಲಿಲ್ಲ. ತಾಯಿ ಹೊಲದಿಂದ ಬಂದು, ಉಂಡು, ಪಾತ್ರೆ ತೊಳೆದು, ಆಮೇಲೆ ಚಪ್ಪರದ ಹತ್ತಿರ ಹೋಗುತ್ತಿದ್ದದ್ದು ಅದೇ ಹೊತ್ತು ಎಂದು ಅವನಿಗೆ ಆಗ ನೆನಪಾಯಿತು.

ಕಾರಣವೂ ಕೈಗೆ ಸಿಕ್ಕಿತು. ಬೆಳಗಿನ ಬಳ್ಳಿಯ ತುಂಬ ನೀರು. ಬಿರಿಯುವಷ್ಟು ಉಬ್ಬಿ ನಿಂತ ಬಳ್ಳಿಗೆ ಬಾಗಲು ಜಾಗವೇ ಇರುವುದಿಲ್ಲ. ಬಿಸಿಲು ಸ್ವಲ್ಪ ನೀರು ಕುಡಿದ ಮೇಲೆ ಅದು ಸಡಿಲವಾಗುತ್ತದೆ. ಮಳೆ ಬಂದರೆ ಎರಡು ದಿನ ಮುಟ್ಟಬಾರದು. ಬುಡದ ಕಡೆ ನಾರು ಬಲಿತು ಕಟ್ಟಿಗೆಯಂತಾಗಿರುತ್ತದೆ, ಅದನ್ನು ಯಾವ ಹೊತ್ತಿನಲ್ಲೂ ಬಗ್ಗಿಸಬಾರದು. ತುದಿಯ ಎರಡು ಮೊಳ ಎಳಸು, ಅದೂ ಮುರಿಯುತ್ತದೆ. ನಡುವಿನ ಭಾಗ ಮಾತ್ರ ಮಾತು ಕೇಳುತ್ತದೆ. ತಾತ ಅಂಗೈ ಹಿಂಭಾಗವನ್ನು ಬಳ್ಳಿಯ ಮೇಲೆ ಒಮ್ಮೆ ಎಳೆದು, ಮುಟ್ಟಬಹುದೋ ಬಾರದೋ ಹೇಳಿಬಿಡುತ್ತಿದ್ದ.

ಆ ದಿನಗಳಲ್ಲೇ ನಡೆದ ಇನ್ನೊಂದು ಸಂಗತಿ ಹೇಳಬೇಕು. ಅಜ್ಜಿ ದಿನವೂ ಮಧ್ಯಾಹ್ನ ಮುದ್ದೆ, ಸಾರು ಹೊತ್ತುಕೊಂಡು ತೋಟಕ್ಕೆ ಬರುತ್ತಿದ್ದಳು. ಒಂದು ದಿನ ದೊರೆಸಾನಿ ಅಲ್ಲೇ ಇದ್ದವಳು, ತನ್ನ ಕೊಂಬನ್ನು ತಾತನ ಕಿವಿಗೆ ಇಟ್ಟು, ಅದರ ಬಾಯಿಯನ್ನು ಅಜ್ಜಿಯ ಕಡೆಗೆ ತಿರುಗಿಸಿ, ಮಾತಾಡು ಎಂದು ಸನ್ನೆ ಮಾಡಿದಳು. ಅಜ್ಜಿಗೆ ನಾಚಿಕೆ. ಸೆರಗು ಬಾಯಿಗೆ ಅಡ್ಡ ಹಿಡಿದು ಹಿಂದಕ್ಕೆ ಸರಿದಳು. ದೊರೆಸಾನಿ ಬಿಡಲಿಲ್ಲ. ಕೊನೆಗೆ ಅಜ್ಜಿ ಕೊಂಬಿನೊಳಕ್ಕೆ ಬಾಯಿಟ್ಟಳು. ಅವಳ ಮನೆಮಾತು ತೆಲುಗು, ಕುಪ್ಪಂ ಕಡೆಯವಳು.

"ಏಮಯ್ಯಾ! ಉಪ್ಪು ತೇಲೇದೇಮಿ?"

ಉಪ್ಪು ಯಾಕೆ ತರಲಿಲ್ಲ ಎಂದು. ಮೂರು ದಿನದಿಂದ ಉಪ್ಪು ಮುಗಿದಿತ್ತು, ಹೇಳಿದ್ದು ತಾತನಿಗೆ ಗೊತ್ತಾಗಿರಲಿಲ್ಲ. ಎಷ್ಟೋ ವರ್ಷದ ಮೇಲೆ ಹೆಂಡತಿಯ ದನಿ ಕೇಳಿದ ತಾತ ಕೊಂಬನ್ನು ಕಿವಿಗೆ ಇನ್ನೂ ಒತ್ತಿಕೊಂಡು, "ಇನ್ನೊಂದು ಕಿತ ಬಯ್ಯೇ" ಅಂದ. ಅಜ್ಜಿ ಬೈದಳು. "ಇನ್ನೊಂದು ಕಿತ" ಅಂದ. ಅಜ್ಜಿ ಬೈಯಲು ಹೋಗಿ ಅತ್ತುಬಿಟ್ಟಳು. ಅವಳ ಅಳು ಅವನಿಗೆ ಕೇಳಿಸಿತೋ ಇಲ್ಲವೋ. ಸಂಜೆ ಮಾತ್ರ ಒಂದು ಪಡಿ ಉಪ್ಪು ತಂದ.

ಮರುವರ್ಷ ಬೀಜ ಚೆನ್ನಾಗಿ ಮೊಳೆತವು. ತಾತ ಗಟ್ಟಿಯಾದದ್ದೊಂದನ್ನು ಉಳಿಸಿಕೊಂಡು ಉಳಿದದ್ದನ್ನು ಕಿತ್ತ. ಬಳ್ಳಿಯನ್ನು ಮೊದಲಿಂದಲೇ ದಾರಿಯಿಂದ ದೂರಕ್ಕೆ ಹರಿಸಿದ. ದಿನವೂ ಇಳಿಹೊತ್ತಿಗೆ ಒಂದು ಬೆರಳಿನಷ್ಟು ಸರಿಸಿ, ಪಕ್ಕಕ್ಕೆ ಬಿದಿರಿನ ಗೂಟ ಚುಚ್ಚುತ್ತಿದ್ದ. ಹತ್ತು ದಿನಕ್ಕೆ ಬಳ್ಳಿ ಅವನು ಹೇಳಿದ ಕಡೆಗೆ ತಾನೇ ತಿರುಗಿತ್ತು. ಹೀಚು ಬಿಟ್ಟಾಗ ಒಂದನ್ನೇ ಇಟ್ಟುಕೊಂಡು ಬೇರೆಲ್ಲ ಚಿವುಟಿದ.

ಆ ಕಾಯಿ ಬೆಳೆದ ರೀತಿ ಯಾರೂ ಕಂಡದ್ದಲ್ಲ. ಡಿಸೆಂಬರ್ ಮೊದಲಲ್ಲಿ ಬಿಂದಿಗೆ, ನಡುವಿನಲ್ಲಿ ಕೊಪ್ಪರಿಗೆ, ಕ್ರಿಸ್‌ಮಸ್ಸಿನ ಹೊತ್ತಿಗೆ ನೀರು ಕಾಯಿಸುವ ಹಂಡೆ. ಲೈನುಗಳಿಂದ ಜನ ಬೇಲಿಯ ಆಚೆ ನಿಂತು ನೋಡಿ ಹೋಗುತ್ತಿದ್ದರು. ಸುದ್ದಿ ಕೋದಂಡಪ್ಪನಿಗೂ ಮುಟ್ಟಿತು. ಒಂದು ದಿನ ಅವನೇ ಬಂದ. ಕಾಯಿಯ ಸುತ್ತ ಎರಡು ಸುತ್ತು ಬಂದು, ಪೇಟ ತೆಗೆದು ಬೆವರು ಒರೆಸಿಕೊಂಡ. ಆಮೇಲೆ ತೊಟ್ಟಿನ ಹತ್ತಿರ ಕೂತು ಬೆರಳು ತೋರಿಸಿದ.

ತಾತನಿಗೂ ಅದು ಕಂಡಿತ್ತು. ಕಾಯಿ ಉಬ್ಬುತ್ತ ಅದರ ಭುಜ ಬಳ್ಳಿಯನ್ನು ಮೇಲಕ್ಕೆ ಎತ್ತುತ್ತಿತ್ತು. ಬಳ್ಳಿಯೋ, ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ನೆಲವನ್ನು ಹಿಡಿದುಕೊಂಡಿತ್ತು. ಕಾಯಿ ಮೇಲಕ್ಕೆ ಎಳೆಯುತ್ತದೆ, ಬೇರು ಕೆಳಕ್ಕೆ ಎಳೆಯುತ್ತದೆ, ನಡುವೆ ತೊಟ್ಟು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಿಗಿದು ನಿಂತಿತ್ತು. ಇನ್ನು ನಾಲ್ಕು ದಿನಕ್ಕೆ ಕಾಯಿ ತನ್ನ ಭಾರಕ್ಕೆ ತಾನೇ ಕಿತ್ತುಕೊಳ್ಳುತ್ತಿತ್ತು.

ತಾತ ಕುಡುಗೋಲು ತೆಗೆದು, ಕಾಯಿಯ ಎರಡೂ ಪಕ್ಕದ ಗೆಣ್ಣಿನ ಬೇರುಗಳನ್ನು ತೋರಿಸಿ, ಕತ್ತರಿಸುತ್ತೇನೆ ಎಂದು ಸನ್ನೆ ಮಾಡಿದ. ಕೋದಂಡಪ್ಪ ಹೌಹಾರಿದ.

"ಲೇ ಸೊಣ್ಣ, ಬುದ್ಧಿ ಐತೇನ್ಲಾ? ಕಾಯ್ಗೆ ಅನ್ನ ಇಕ್ಕೋ ಬೇರು ಕಣ್ಲಾ ಅದು! ಕುಯ್ದ್ರೆ ಕಾಯಿ ನಿಂತೋಯ್ತದೆ!"

ತಾತ ಅವನ ತುಟಿ ನೋಡಿ ಅರ್ಥ ಮಾಡಿಕೊಂಡ. "ಅನ್ನ ಇಕ್ಕಾಕೆ ಬುಡ ಐತಲ್ಲ ಕೋದಂಡಣ್ಣ," ಎಂದ, ಕಿವುಡರ ಗಟ್ಟಿ ದನಿಯಲ್ಲಿ. "ಇವು ಕಟ್ಟಾಕಿರೋ ಬೇರು. ಬಿಚ್ಚಬೇಕು."

"ನಿನ್ನ ಕಾಯಿ, ನಿನ್ನಿಷ್ಟ. ನಾನಂತೂ ಕುಡುಗೋಲು ಮುಟ್ಟಾಕಿಲ್ಲ," ಎಂದು ಕೋದಂಡಪ್ಪ ಎದ್ದ. ಎದ್ದವನು ಹೋಗಲಿಲ್ಲ. ಬೇಲಿಯ ಹತ್ತಿರ ನಿಂತು ನೋಡಿದ.

ತಾತ ಎಲೆ ಜೋಲುವವರೆಗೆ ಕಾದ. ಎರಡೂ ಪಕ್ಕ ಎರಡೆರಡು ಗೆಣ್ಣಿನ ಬೇರು ಮಾತ್ರ ಕತ್ತರಿಸಿದ. ಬಳ್ಳಿ ಮೆಲ್ಲಗೆ, ಕಣ್ಣಿಗೆ ಕಾಣುವಷ್ಟೇ, ಮೇಲಕ್ಕೆ ಎದ್ದಿತು. ಅದರ ಕೆಳಗೆ ಗೋಣಿತಾಟು ಸುತ್ತಿ ಒತ್ತು ಕೊಟ್ಟ. ಮರುದಿನ ಇಳಿಹೊತ್ತಿಗೆ ಬಳ್ಳಿಯನ್ನು ಕಾಯಿಯ ಭುಜದಿಂದ ಒಂದು ಬೆರಳು ಆಚೆಗೆ ಸರಿಸಿದ. ಅದರ ಮರುದಿನ ಇನ್ನೊಂದು ಬೆರಳು. ಅಜ್ಜಿ ಬುತ್ತಿ ಕೆಳಗಿಟ್ಟು ಕಾಯಿಯನ್ನು ಎರಡು ಕೈಯಿಂದ ಆನಿಸಿ ಹಿಡಿಯುತ್ತಿದ್ದಳು, ತಾತ ಉಸಿರು ಬಿಗಿಹಿಡಿದು ಬಳ್ಳಿ ಬಗ್ಗಿಸುತ್ತಿದ್ದ. ಎಂಟನೆಯ ದಿನ ತೊಟ್ಟು ಸಡಿಲವಾಗಿ, ಉಸಿರಾಡುವಷ್ಟು ಜಾಗ ಸಿಕ್ಕಿತ್ತು. ಕಾಯಿ ಬೆಳೆಯುವುದನ್ನು ನಿಲ್ಲಿಸಲಿಲ್ಲ. ಎಂಟು ದಿನವೂ ಕೋದಂಡಪ್ಪ ಏನಾದರೊಂದು ನೆಪ ಮಾಡಿಕೊಂಡು ಬಂದು ಬೇಲಿಯ ಹತ್ತಿರ ನಿಂತು ಹೋದ.

ಪ್ರದರ್ಶನಕ್ಕೆ ಇನ್ನು ಹತ್ತು ದಿನ ಇರುವಾಗ ಎಂಜಿನಿಯರ್ ದೊರೆ ಒಂದು ಬೆಳಿಗ್ಗೆ ನಾಲ್ಕಾರು ಸ್ನೇಹಿತರನ್ನೂ ಒಬ್ಬ ಫೋಟೋ ತೆಗೆಯುವವನನ್ನೂ ಕರೆದುಕೊಂಡು ತೋಟಕ್ಕೆ ಬಂದ. ಕಾಯಿಯ ಚೆಂದದ ಮುಖ ಗೋಡೆಯ ಕಡೆಗಿತ್ತು. ಅದನ್ನು ಈ ಕಡೆ ತಿರುಗಿಸಿ ಎಂದು ಆಳುಗಳಿಗೆ ಹೇಳಿದ. ತಾತ ಆಗ ತೊಟ್ಟಿಯ ಹತ್ತಿರ ನೀರು ತುಂಬುತ್ತಿದ್ದ. ತಿರುಗಿ ನೋಡಿದರೆ ನಾಲ್ಕು ಜನ ಕಾಯಿಗೆ ಕೈ ಹಚ್ಚಿದ್ದಾರೆ. ಹೊತ್ತು ಎಂಟು ಗಂಟೆ, ಎಲೆಗಳೆಲ್ಲ ಸೆಟೆದು ನಿಂತಿವೆ.

ತಾತ ಕೊಡ ಬಿಸಾಕಿ ಓಡಿದ. ಏನು ಹೇಳಬೇಕೋ ತಿಳಿಯದೆ, ಕಾಯಿಯನ್ನೂ ತೊಟ್ಟನ್ನೂ ತಬ್ಬಿಕೊಂಡು ಅದರ ಮೇಲೆ ಬೋರಲು ಬಿದ್ದುಬಿಟ್ಟ. ದೊರೆ ಕೂಗಿದ. ಆಳುಗಳು ಕೂಗಿದರು. ಸ್ನೇಹಿತರಲ್ಲಿ ಒಬ್ಬ ನಕ್ಕ. ದೊರೆಯ ಮುಖ ಕೆಂಪಾಯಿತು, ಇನ್ನೂ ಜೋರಾಗಿ ಕೂಗಿದ. ತಾತ ಕಣ್ಣು ಮುಚ್ಚಿಕೊಂಡಿದ್ದ. "ಕೇಳಿಸಿದ್ದಿದ್ರೆ ಎದರ್ಕೊಂಡು ಎದ್ದುಬುಡ್ತಿದ್ನೇನೋ. ಏನೂ ಕೇಳಿಸ್ನಿಲ್ಲ. ಕಾಯಿ ಮಾತ್ರ ತಣ್ಣಗಿತ್ತು ಒಟ್ಟೆಗೆ," ಎಂದು ಆಮೇಲೆ ಹೇಳುತ್ತಿದ್ದ.

ಗದ್ದಲ ದೊರೆಸಾನಿಗೂ ಕೇಳಿಸಲಿಲ್ಲ. ಆದರೆ ಕಿಟಕಿಯಿಂದ ಕಂಡಿತು. ಮನೆಯ ಚಪ್ಪಲಿಯಲ್ಲೇ ಬಂದಳು. ತಾತ ತಲೆ ಎತ್ತಿ ಆಕೆಯನ್ನು ನೋಡಿ, ಮೊದಲು ಸೆಟೆದ ಎಲೆ ತೋರಿಸಿದ, ಆಮೇಲೆ ಪಡುವಣ ಆಕಾಶದಲ್ಲಿ ಒಂದು ಜಾಗ ತೋರಿಸಿದ, ಆಮೇಲೆ ತನ್ನ ಕೈಯನ್ನು ಮಣಿಕಟ್ಟಿನಿಂದ ಕೆಳಕ್ಕೆ ಜೋಲುಬಿಟ್ಟ. ದೊರೆಸಾನಿಗೆ ಪೂರ್ತಿ ಅರ್ಥವಾಯಿತು. ತಮ್ಮನ ಕಡೆ ತಿರುಗಿ ಮೂರು ಬೆರಳು ಎತ್ತಿದಳು. ತಮ್ಮ ಏನೋ ವಾದ ಮಾಡಿದ. ಆಕೆ ಕೊಂಬನ್ನು ಕಿವಿಯಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡುಬಿಟ್ಟಳು. ಇನ್ನು ವಾದ ಮಾಡುವುದು ಯಾರ ಹತ್ತಿರ? ದೊರೆ ಸ್ನೇಹಿತರನ್ನು ಕರೆದುಕೊಂಡು ಒಳಗೆ ಹೋದ.

ಮೂರು ಗಂಟೆಗೆ ಎಲೆ ಜೋತವು. ಕೋದಂಡಪ್ಪ ಎಂದಿನಂತೆ ಬಂದಿದ್ದ. ತಾತ ಅವನನ್ನು ಬೇಲಿಯ ಒಳಗೆ ಕರೆದು, ಅವನ ಅಂಗೈ ಹಿಂಭಾಗವನ್ನು ಹಿಡಿದು ಬಳ್ಳಿಯ ಮೇಲೆ ಎಳೆದ.

"ನೋಡಣ್ಣ, ಬೆಳಗ್ಗೆ ಇಂಗಿರ್ನಿಲ್ಲ."

ಕೋದಂಡಪ್ಪ ತಾನಾಗಿ ಇನ್ನೊಮ್ಮೆ ಮುಟ್ಟಿ ನೋಡಿದ. ಆಮೇಲೆ ಪೇಟ ಬಿಚ್ಚಿ ಬೇಲಿಗೆ ನೇತುಹಾಕಿ ಕಾಯಿಗೆ ಕೈ ಹಚ್ಚಿದ. ಇಬ್ಬರೂ ಸೇರಿ ಅದನ್ನು ಮೂರು ಬೆರಳಿನಷ್ಟು ತಿರುಗಿಸಿದರು. ಅದಕ್ಕಿಂತ ಹೆಚ್ಚು ತಾತ ಬಿಡಲಿಲ್ಲ. ಫೋಟೋದಲ್ಲಿ ಚೆಂದದ ಮುಖ ಅರ್ಧವೇ ಬಿದ್ದಿದೆಯಂತೆ, ದೊರೆಯ ನೆರಳು ಅದರ ಮೇಲಿದೆಯಂತೆ. ಆ ಫೋಟೋ ನಮ್ಮ ಮನೆಯವರು ಯಾರೂ ನೋಡಿದ್ದಿಲ್ಲ.

ಪ್ರದರ್ಶನದ ದಿನ ಎತ್ತಿನ ಗಾಡಿಗೆ ಹುಲ್ಲು ಹಾಸಿ ಕಾಯಿಯನ್ನು ಕ್ಲಬ್ಬಿಗೆ ತೆಗೆದುಕೊಂಡು ಹೋದರು. ಆರು ಜನ ಗೋಣಿಯ ಮೂಲೆ ಹಿಡಿದು ತಕ್ಕಡಿಗೆ ಏರಿಸಿದರು. ಏಳು ಮಣ, ಮೇಲೆ ಸ್ವಲ್ಪ. ಒಂದು ಮೂಟೆ ರಾಗಿಗೆ ಅಷ್ಟೇನೂ ಕಡಿಮೆಯಲ್ಲ. ಕೋದಂಡಪ್ಪನದು ಮೂರೂವರೆ ಮಣ. ಬಹುಮಾನದ ಬೆಳ್ಳಿ ಬಟ್ಟಲು ದೊರೆಸಾನಿಗೆ, ತಾತನಿಗೆ ಒಂದು ಪೇಟ, ಒಂದು ಕಂಬಳಿ. ತಾತನಿಗೆ ಚಪ್ಪಾಳೆ ಕೇಳಿಸಲಿಲ್ಲವಾದ್ದರಿಂದ, ಜನ ಯಾಕೆ ಹೀಗೆ ಕೈ ಬಡಿಯುತ್ತಿದ್ದಾರೆ, ಸೊಳ್ಳೆ ಇಷ್ಟು ಹೊತ್ತಿಗೇ ಬಂದವೇ ಎಂದು ಕೋದಂಡಪ್ಪನನ್ನು ಕೇಳಿದನಂತೆ. ಗಟ್ಟಿಯಾಗಿ ಕೇಳಿದ್ದರಿಂದ ಇಡೀ ಮೈದಾನಕ್ಕೆ ಕೇಳಿಸಿತು. ಕೋದಂಡಪ್ಪ ಆ ದಿನ ತನ್ನ ಕಾಯಿಯ ಪಕ್ಕ ನಿಲ್ಲದೆ ಇವನ ಕಾಯಿಯ ಪಕ್ಕವೇ ನಿಂತು, ಬಂದವರಿಗೆಲ್ಲ ಬೇರು ಕತ್ತರಿಸಿದ ಕತೆ ಹೇಳುತ್ತಿದ್ದ. ಅವನ ಕತೆಯಲ್ಲಿ ಕುಡುಗೋಲು ತಂದುಕೊಟ್ಟದ್ದು ಅವನೇ.

ದೊರೆಗಳ ಮನೆಯಲ್ಲಿ ಅಷ್ಟು ದೊಡ್ಡ ಕುಂಬಳಕ್ಕೆ ಏನು ಕೆಲಸ? ದೊರೆಸಾನಿ ಅದನ್ನು ತಾತನಿಗೇ ಕೊಟ್ಟಳು. ಅದು ಒಳ್ಳೆಯ ಹೊತ್ತಿಗೆ ಬಂತು. ಮಗಳು ಅನಸೂಯಮ್ಮನ ಮದುವೆ, ಎಂದರೆ ನನ್ನ ಅಮ್ಮನ ಮದುವೆ, ಮೂರು ವಾರಕ್ಕೆ ಗೊತ್ತಾಗಿತ್ತು. ಗಂಡಿನ ಕಡೆಯವರೂ ಬಂಗಾರಪೇಟೆಯ ಹತ್ತಿರದವರೇ, ಮದುವೆ ತಾತನ ಹಳ್ಳಿಯಲ್ಲಿ. ಕಾಯಿಯನ್ನು ಕೋರಮಂಡಲ್ ಸ್ಟೇಷನ್ನಿಗೆ ತಂದಾಗ ಗಾರ್ಡು ಅದನ್ನು ಸುತ್ತು ಹಾಕಿ ನೋಡಿ, ಇದು ಸಾಮಾನೋ ಪ್ರಯಾಣಿಕರೋ ಎಂದು ಕೇಳಿದ. ಅಜ್ಜಿ, "ನಮ್ಮ ಬೀಗರಪ್ಪಾ, ಜಾಗ ಕೊಡು," ಅಂದಳು. ಗಾರ್ಡು ನಕ್ಕು ತನ್ನ ಡಬ್ಬಿಯಲ್ಲೇ ಏರಿಸಿಕೊಂಡ. ಬಂಗಾರಪೇಟೆಯಲ್ಲಿ ಇಳಿಸುವಾಗ ಪ್ಲಾಟ್‌ಫಾರಂ ಮೇಲೆ ಎಷ್ಟು ಜನ ಸೇರಿದರೆಂದರೆ ಗಾಡಿ ಹತ್ತು ನಿಮಿಷ ತಡವಾಗಿ ಹೊರಟಿತು.

ಮದುವೆಯ ಹಿಂದಿನ ದಿನ ಅದನ್ನು ಕೊಯ್ಯಲು ಕತ್ತಿ ಸಾಲದೆ ಮರ ಕುಯ್ಯುವವರ ಗರಗಸ ತಂದರು. ಪಲ್ಯ, ಹುಳಿ, ಬೆಲ್ಲ ಹಾಕಿದ ಪಾಯಸ, ಸಿಪ್ಪೆಯ ಚಟ್ನಿ. ಎರಡು ದಿನ ಮುನ್ನೂರು ಜನ ಉಂಡರು. ಬೀಜ ಮಾತ್ರ ತಾತ ಒಂದೂ ಬಿಡದೆ ಎಣಿಸಿ ಇಟ್ಟುಕೊಂಡ. ನನ್ನ ಅಪ್ಪನನ್ನು ಅವರ ಮದುವೆಯ ಬಗ್ಗೆ ಕೇಳಿದರೆ, "ಕಾಯಿ ನೋಡ್ಕೊಂಡು ಕೂತಿದ್ದೆ, ಉಡುಗೀನ ಸರ್ಯಾಗಿ ನೋಡ್ನೇ ಇಲ್ಲ," ಅನ್ನುತ್ತಿದ್ದರು. ಅಮ್ಮ, "ನೋಡಿದ್ರೆ ಒಪ್ತಿದ್ರೋ ಇಲ್ವೋ, ಒಳ್ಳೇದೇ ಆಯ್ತು ಬುಡು," ಅನ್ನುತ್ತಿದ್ದಳು.

ಕೊಂಬಿನ ದೊರೆಸಾನಿ ಇನ್ನೂ ಎರಡು ವರ್ಷ ಇದ್ದು ತನ್ನ ದೇಶಕ್ಕೆ ಹೋದಳು. ಹೋಗುವ ದಿನ ತಾತನೂ ಆಕೆಯೂ ತೋಟದ ತುಂಬ ಒಂದು ಸುತ್ತು ಬಂದರಂತೆ. ಒಂದೊಂದು ಗಿಡದ ಹತ್ತಿರ ನಿಂತು, ಇದು ಇಂಥ ವರ್ಷದ್ದು, ಇದನ್ನು ಮೇಕೆ ತಿಂದಿತ್ತು ಎಂದೆಲ್ಲ ಸನ್ನೆಯಲ್ಲೇ ನೆನಪಿಸಿಕೊಂಡರಂತೆ. ತಾತ ಸಾವಿರದ ಒಂಬೈನೂರ ಮೂವತ್ತೈದರವರೆಗೆ ಅದೇ ಬಂಗಲೆಯಲ್ಲಿದ್ದು, ಆಮೇಲೆ ಅಜ್ಜಿಯ ಜೊತೆ ಹಳ್ಳಿಗೆ ಬಂದ. ಅಣ್ಣತಮ್ಮಂದಿರು ಬಿಟ್ಟುಕೊಟ್ಟ ಅರ್ಧ ಎಕರೆಯಲ್ಲಿ ಬಾವಿಯ ನೀರಿಗೆ ಕುಂಬಳ, ಬದನೆ, ಸೊಪ್ಪು ಬೆಳೆದ. ಏಳು ಮಣದ ಕಾಯಿ ಮತ್ತೆ ಆಗಲಿಲ್ಲ. ಅಂಥ ಗೊಬ್ಬರ, ಅಂಥ ನಲ್ಲಿ ನೀರು ಅಲ್ಲಿರಲಿಲ್ಲ. ಎರಡು ಮಣ, ಮೂರು ಮಣ ಆಗುತ್ತಿತ್ತು. ಬಂಗಾರಪೇಟೆಯ ಸಂತೆಯಲ್ಲಿ ಅದನ್ನು ಹೋಳು ಮಾಡಿ ಮಾರುತ್ತಿದ್ದ ಅಜ್ಜಿಯ ಮುಂದೆ ಯಾವಾಗಲೂ ಗುಂಪು. ನಾನು ಹುಟ್ಟಿದ್ದು ಮೂವತ್ತರಲ್ಲಿ. ನನಗೆ ನೆನಪಿರುವ ತಾತ ಈ ಹಳ್ಳಿಯ ತಾತ. ಮಾತು ಕಡಿಮೆ, ಆಡಿದರೆ ಮೂರು ಬೀದಿಗೆ ಕೇಳಿಸುವಂತೆ. ಅಕ್ಕಪಕ್ಕದ ಊರಿನವರು, ನಮ್ಮ ಬಳ್ಳಿ ಮುರಿಯಿತು, ಕಾಯಿ ತೊಟ್ಟು ಬಿಟ್ಟಿತು ಎಂದು ಬಂದರೆ, ಕೂರಿಸಿ ಮಜ್ಜಿಗೆ ಕೊಡಿಸಿ, ಬಿಸಿಲು ಇಳಿಯುವವರೆಗೆ ಕಾಯಿಸಿ, ಆಮೇಲೆ ಹೊಲಕ್ಕೆ ಕರೆದೊಯ್ದು ಅವರ ಕೈಯನ್ನು ಬಳ್ಳಿಯ ಮೇಲೆ ಇಡಿಸುತ್ತಿದ್ದ. ಬಾಯಲ್ಲಿ ಹೇಳಿಕೊಟ್ಟದ್ದನ್ನು ನಾನು ಕಂಡಿಲ್ಲ.

ನಲವತ್ತಮೂರರ ಚಳಿಗಾಲದಲ್ಲಿ ತಾತ ತೀರಿಕೊಂಡ. ಎರಡು ದಿನ ಜ್ವರ, ಮೂರನೆಯ ದಿನ ಬೆಳಿಗ್ಗೆ ಅಜ್ಜಿ ಗಂಜಿ ತಂದಾಗ ಹೋಗಿದ್ದ.

ಕೋದಂಡಪ್ಪ ಆಗ ಕೆಲಸ ಬಿಟ್ಟು ಮಾಲೂರಿನ ಕಡೆ ಮಗಳ ಮನೆಯಲ್ಲಿದ್ದ. ಅವನಿಗೆ ತಿಳಿಸಲು ಯಾರಿಗೂ ತೋಚಲಿಲ್ಲ. ನಾನೂ ಅಮ್ಮನೂ ಆಗ ಅಜ್ಜಿಯ ಜೊತೆಗೇ ಇದ್ದೆವು. ಎರಡು ತಿಂಗಳ ಮೇಲೆ ಒಂದು ದಿನ, ಕೋಲೂರಿಕೊಂಡು, ಚೀಲದಲ್ಲಿ ಒಂದು ಹೊಸ ತಳಿಯ ಬದನೆ ಸಸಿ ಕಟ್ಟಿಕೊಂಡು ಬಂದ. ಬಾಗಿಲಲ್ಲೇ ನಿಂತು, ತಾತನಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದರೂ, "ಸೊಣ್ಣಾ! ಲೇ ಸೊಣ್ಣಾ!" ಎಂದು ಕೂಗಿದ. ಅಜ್ಜಿ ಹೊರಗೆ ಬಂದಳು. ಅವಳ ಹಣೆ ನೋಡಿ ಅವನು ಜಗಲಿಯ ಮೇಲೆ ಕೂತ.

"ನಂಗಿಂತ ಚಿಕ್ಕೋನು," ಎಂದ.

"ಊಟ ಮಾಡಣ್ಣ," ಅಂದಳು ಅಜ್ಜಿ.

"ಮಾಡ್ತೀನವ್ವ. ಸಸಿ ಬಾಡೋಯ್ತವೆ, ಮೊದ್ಲು ಅವನ್ನ ನೆಟ್ಬುಟ್ಟು ಬತ್ತೀನಿ."

ಹೊಲಕ್ಕೆ ಹೋಗಿ ಸಸಿ ನೆಟ್ಟ. ಆ ಸಂಜೆಯ ಗಾಡಿಗೆ ಹೊರಡುತ್ತಾನೆಂದುಕೊಂಡಿದ್ದೆವು, ಹೊರಡಲಿಲ್ಲ. ಮೂರು ದಿನ ಇದ್ದ. ಒಡೆದಿದ್ದ ಬದುವಿಗೆ ಮಣ್ಣು ಹಾಕಿದ, ಸೊಪ್ಪಿನ ಮಡಿಗೆ ನೀರು ಕಟ್ಟಿದ, ಬಾವಿಯ ಹಗ್ಗ ಬದಲಾಯಿಸಿದ. ಅಜ್ಜಿ ಬಡಿಸಿದ್ದನ್ನು ಉಂಡು ಜಗಲಿಯ ಮೇಲೆ ಮಲಗಿದ. ನಾಲ್ಕನೆಯ ದಿನ ಬೆಳಿಗ್ಗೆ ಅಜ್ಜಿ ಅವನ ಚೀಲದಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ನಾಲ್ಕು ಬದನೆಕಾಯಿಯೂ ಹಾಕಿದಳು. ನಾನೂ ಅಮ್ಮನೂ ಅವನನ್ನು ಸ್ಟೇಷನ್ನಿನವರೆಗೆ ಬಿಟ್ಟುಬಂದೆವು.